ಸದ್ದು ಮಾಡದ ಚೈನು

ನನ್ನ ತಿಳಿನೀಲಿ ಬಣ್ಣದ ಹತ್ತಿ ಸೀರೆಯ ಅಂಚಿನಲ್ಲಿ ಗೇಣುದ್ದದ ಒಂದು ಕರಿಯ ಗೀಟಿದೆ. ಅದು ನೇಕಾರ ನೇಯ್ದದ್ದಲ್ಲ, ಸೈಕಲ್ಲಿನ ಚೈನು ಎಳೆದದ್ದು. ಬಟ್ಟೆಯ ಸೋಪು, ಪಾತ್ರೆಯ ಸೋಪು, ಲಿಂಬೆಹಣ್ಣಿನ ರಸ, ಕೊನೆಗೆ ಹಲ್ಲುಜ್ಜುವ ಪೇಸ್ಟು, ಹೀಗೆ ಯಾರು ಏನು ಹೇಳಿದರೋ ಅದನ್ನೆಲ್ಲ ಹಚ್ಚಿ ತಿಕ್ಕಿದ್ದೇನೆ. ಸೀರೆಯ ನೀಲಿ ಮಾಸಿತೇ ಹೊರತು ಚೈನಿನ ಕರಿ ಮಾಸಲಿಲ್ಲ. ಜಗತ್ತಿನಲ್ಲಿ ಬಣ್ಣ ಹಿಡಿಯುವ ವಿದ್ಯೆ ತಿಳಿದಿರುವುದು ಈ ಜಿಡ್ಡಿಗೊಂದಕ್ಕೇ ಎಂದು ಒಂದು ದಿನ ಒಗೆಯುವ ಕಲ್ಲಿನ ಮೇಲೆ ಸೀರೆಯನ್ನು ಕುಕ್ಕುತ್ತಾ ಗೊಣಗಿಕೊಂಡೆ. ನೀವು ಸೈಕಲ್ ಹೊಡೆಯುವವರಾದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುತ್ತದೆ. ಅಲ್ಲದಿದ್ದರೆ ಸ್ವಲ್ಪ ಸಹಿಸಿಕೊಳ್ಳಿ, ಏಕೆಂದರೆ ಈ ಸಿಟ್ಟು ಇಷ್ಟಕ್ಕೇ ಮುಗಿಯುವಂಥದಲ್ಲ.

ನಾನು ನೆಲ್ಯಹುದಿಕೇರಿಯ ಆಸುಪಾಸಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ತವರು ಶನಿವಾರಸಂತೆಯ ಕಡೆ. ಮದುವೆಯಾಗಿ ಈ ಕಾವೇರಿಯ ದಡಕ್ಕೆ ಬಂದೆ. ನಮ್ಮ ಯಜಮಾನರು ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಸಾಹಿತಿಯಲ್ಲ, ಬೆಳಿಗ್ಗೆ ಕೆಲಸಗಾರರ ಹಾಜರಿ ತೆಗೆದುಕೊಂಡು ಯಾರು ಯಾವ ತೋಟಕ್ಕೆಂದು ಹಂಚುವವರು. ಹಾಗಾಗಿ ನಮ್ಮ ಮನೆಯಲ್ಲಿ ಬರೆಯುವವಳು ನಾನು, ರೈಟರ್ ಅವರು. ಅವರದು ಸ್ಕೂಟರು, ನನ್ನದು ಸೈಕಲ್ಲು. ಅವರ ದಾರಿ ಎಸ್ಟೇಟ್ ಆಫೀಸಿನ ಕಡೆಗೆ, ನನ್ನ ದಾರಿ ಅದಕ್ಕೆ ಬೆನ್ನು ತಿರುಗಿಸಿ ಶಾಲೆಯ ಕಡೆಗೆ. ಸ್ಕೂಟರ್ ಕಲಿಯಲು ನಾನೂ ಒಮ್ಮೆ ಪ್ರಯತ್ನಿಸಿದ್ದುಂಟು. ಕಾಲು ಹಾಕದೆಯೇ ಮುನ್ನುಗ್ಗುವ ವಾಹನದ ಮೇಲೆ ನನಗೆ ವಿಶ್ವಾಸ ಹುಟ್ಟಲಿಲ್ಲ. ಸೈಕಲ್ಲಾದರೆ ನಾನು ನಿಂತರೆ ಅದೂ ನಿಲ್ಲುತ್ತದೆ.

ದಾರಿ ದೊಡ್ಡದೇನಲ್ಲ. ಮನೆಯ ಗೇಟು ದಾಟಿದರೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ರಸ್ತೆಗೆ ತಾಗಿದಂತೆ ಎಸ್ಟೇಟ್ ಕೆಲಸಗಾರರ ಸಾಲುಮನೆಗಳು, ಅಂದರೆ ಎಲ್ಲರ ಬಾಯಲ್ಲಿ ‘ಲೈನು’. ಲೈನು ಕಳೆದ ಮೇಲೆ ಒಂದು ಏರು, ಏರಿನ ನಡುವೆ ಹಳೆಯ ಹಲಸಿನ ಮರವಿರುವ ಒಂದು ತಿರುವು, ಅದರಾಚೆ ಶಾಲೆ. ಹತ್ತನೆಯ ತರಗತಿಯವರಿಗೆ ಬೆಳಗಿನ ವಿಶೇಷ ಪಾಠ ಮಾಡುವವಳಾದ್ದರಿಂದ ಎಸ್ಟೇಟಿನ ಮಸ್ಟರ್ ಗಂಟೆ, ಅಂದರೆ ಹಾಜರಿಯ ಗಂಟೆ, ಬಾರಿಸುವುದಕ್ಕೆ ಮುಂಚೆಯೇ ನಾನು ಹೊರಡಬೇಕು. ಆ ಹೊತ್ತಿಗೆ ಲೈನಿನ ನಲ್ಲಿಯ ಬಳಿ ಹೆಂಗಸರು ಕೊಡ ಸಾಲಿಟ್ಟು ನಿಂತಿರುತ್ತಾರೆ. ಅವರಲ್ಲಿ ಸೆಲ್ವಿ ಎಂಬಾಕೆ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಹಲ್ಲುಪುಡಿಯ ಬಾಯಲ್ಲೇ “ಹೋಗಿ ಬನ್ನಿ ಟೀಚರಮ್ಮ” ಎನ್ನುವಳು. ನಾನು ಏರಿಗೆ ಬೇಕಾದ ವೇಗವನ್ನು ಇಳಿಜಾರಿನಲ್ಲೇ ಕೂಡಿಟ್ಟುಕೊಳ್ಳುವ ಅವಸರದಲ್ಲಿ ತಲೆ ಆಡಿಸಿ ಮುಂದೆ ಸಾಗುವೆನು. ಎಷ್ಟೋ ಕಾಲದಿಂದ ನಮ್ಮಿಬ್ಬರ ಸಂಭಾಷಣೆ ಇಷ್ಟೇ ಆಗಿತ್ತು.

ಈ ಸಲ ಜೂನಿನಲ್ಲಿ ಶಾಲೆ ತೆರೆದದ್ದೂ ಮಳೆ ಹಿಡಿದದ್ದೂ ಒಟ್ಟಿಗೆ. ಬೇಸಿಗೆ ರಜೆಯುದ್ದಕ್ಕೂ ಸೌದೆ ಕೊಟ್ಟಿಗೆಯಲ್ಲಿ ಒರಗಿದ್ದ ಸೈಕಲ್ಲನ್ನು ಹೊರಗೆ ತಂದು ಎರಡು ದಿನ ಓಡಿಸಿದ್ದೆನೋ ಇಲ್ಲವೋ, ಚೈನು ಅಳಲು ಶುರುಮಾಡಿತು. ಅಳು ಎಂದರೆ ಸಾಮಾನ್ಯದ ಅಳುವಲ್ಲ. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಕಿರ್ರ್ ಎಂದು ಏರಿ, ಕುಂಯ್ ಎಂದು ಇಳಿದು, ಮತ್ತೆ ಕಿರ್ರ್ ಎನ್ನುವ ಒಂದು ರಾಗ. ಶಾಲೆಯ ಹುಡುಗರು ನಾನು ಗೇಟಿನೊಳಗೆ ಬರುವ ಮೊದಲೇ ಅದನ್ನು ಅನುಕರಿಸುತ್ತಿದ್ದರು. ಮನೆಯಲ್ಲಿ ಯಜಮಾನರು, “ಎಂತ ಸದ್ದು ಮಾರಾಯ್ತಿ ಅದು! ನೀನು ಲೈನು ದಾಟಿ ಏರು ಹತ್ತಿದ್ರೂ ನನಗೆ ಇಲ್ಲಿ ಕಾಫಿ ಕುಡಿಯುವಾಗ ಕೇಳ್ತದೆ. ಮರ್ಯಾದೆ ಹೋಗ್ತದೆ” ಎಂದರು. ಸದ್ದು ಮಾಡುವುದು ಚೈನು, ಹೋಗುವುದು ಇವರ ಮರ್ಯಾದೆ!

ಹಾಗೆಂದು ಮರುದಿನವೇ ಅವರು ಅದಕ್ಕೆ ಪರಿಹಾರವನ್ನೂ ಒದಗಿಸಿದರು. ಪಂಪ್‌ಸೆಟ್ಟಿನಿಂದ ಬಸಿದಿಟ್ಟಿದ್ದ ಹಳೆಯ ಎಂಜಿನ್ ಆಯಿಲನ್ನು ತೆಂಗಿನ ಚಿಪ್ಪಿನಲ್ಲಿ ತಂದು, ದೇವರಿಗೆ ಅಭಿಷೇಕ ಮಾಡುವವರ ಧಾರಾಳದಿಂದ ಚೈನಿನ ಮೇಲೆ ಸುರಿದುಬಿಟ್ಟರು. ಸದ್ದು ನಿಂತಿತು, ನಿಜ. ಆದರೆ ಕೊಡಗಿನ ಜೂನ್ ತಿಂಗಳ ಎಸ್ಟೇಟ್ ರಸ್ತೆ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ? ಆ ಕೆಂಪು ಮಣ್ಣು, ಆ ಸಣ್ಣ ಮರಳು, ಎಲ್ಲವೂ ಚಕ್ರದಿಂದ ಚಿಮ್ಮಿ ಆ ಅಂಟು ಎಣ್ಣೆಗೆ ಬಂದು ಕುಳಿತವು. ವಾರದೊಳಗೆ ಚೈನು ಚೈನಾಗಿ ಉಳಿಯದೆ ಮಣ್ಣಿನ ಹುರಿಯಾಯಿತು, ಸದ್ದೂ ಮರಳಿತು. ಎಣ್ಣೆ ಹಾಕಿದ ಮಾತ್ರಕ್ಕೆ ರಕ್ಷಣೆಯಾಗಲಿಲ್ಲ. ಎಣ್ಣೆಯೂ ಮರಳೂ ಸೇರಿ ಅರೆಯುವ ಹಿಟ್ಟಾಗಿ, ಒಂದೊಂದು ಕೊಂಡಿಯ ಸಂದನ್ನೂ ಒಳಗೊಳಗೇ ತಿನ್ನುತ್ತಿತ್ತು. ನೀಲಿ ಸೀರೆಗೆ ಗೀಟು ಬಿದ್ದದ್ದು ಆ ವಾರವೇ.

ನಾನು ಬಟ್ಟೆಯಿಂದ ಆ ಕೆಸರನ್ನೆಲ್ಲ ಉಜ್ಜಿ ತೆಗೆದು ನನ್ನದೇ ಬುದ್ಧಿ ಓಡಿಸಿದೆ. ಮನೆಯಲ್ಲಿ ಹೊಲಿಗೆ ಯಂತ್ರವಿದೆ, ಅದಕ್ಕೆ ಹಾಕುವ ನೀರಿನಂಥ ತಿಳಿ ಎಣ್ಣೆಯೂ ಇದೆ. ಅಷ್ಟು ನಾಜೂಕಿನ ಯಂತ್ರಕ್ಕೆ ಸಲ್ಲುವುದು ಈ ಒರಟನಿಗೆ ಸಲ್ಲದೆ? ಹಾಕಿದೆ. ಮನೆಯಿಂದ ಲೈನಿನವರೆಗೆ ಚೈನು ರೇಷ್ಮೆಯಂತೆ ಸರಿಯಿತು. ಲೈನಿನ ಬಳಿ ಮಳೆ ಸುರಿಯಿತು. ಶಾಲೆ ಮುಟ್ಟುವ ಹೊತ್ತಿಗೆ ಆ ತಿಳಿ ಎಣ್ಣೆಯೆಲ್ಲ ತೊಳೆದುಹೋಗಿ ಕಾವೇರಿಯ ಪಾಲಾಗಿತ್ತು, ಕಿರ್ರ್ ಕುಂಯ್ ಮತ್ತೆ ಸ್ವಸ್ಥಾನಕ್ಕೆ ಬಂದಿತ್ತು. ಹೊಲಿಗೆ ಯಂತ್ರ ಮಳೆಯಲ್ಲಿ ನೆನೆಯುವುದಿಲ್ಲವೆಂಬ ಸಣ್ಣ ಸತ್ಯ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಚೈನು ಕಳಚಿ ಬೀಳಲು ತೊಡಗಿತು. ಏರಿನ ಆರಂಭದಲ್ಲಿ ನಾನು ಎದ್ದುನಿಂತು ಪೆಡಲಿನ ಮೇಲೆ ಮೈಭಾರ ಹಾಕಿದ ಕ್ಷಣಕ್ಕೆ ಸರಿಯಾಗಿ, ಕಾಲಡಿಯ ಮೆಟ್ಟಿಲನ್ನೇ ಯಾರೋ ಎಳೆದುಕೊಂಡಂತೆ ಪೆಡಲು ಬರಿದೇ ತಿರುಗುವುದು, ನಾನು ಮುಗ್ಗರಿಸುವುದು, ಇಳಿದು, ಕೊಡೆಯನ್ನು ಕಂಕುಳಲ್ಲಿ ಅವುಚಿ, ಕಾಫಿ ಗಿಡದ ಕಡ್ಡಿಯೊಂದನ್ನು ಮುರಿದು ಅದರಿಂದ ಚೈನನ್ನೆತ್ತಿ ಚಕ್ರದ ಹಲ್ಲಿಗೆ ಸಿಕ್ಕಿಸುವುದು. ಕನ್ನಡ ವ್ಯಾಕರಣದಲ್ಲಿ ಸಂಧಿ ಮೂರು ಎಂದು ವರ್ಷವರ್ಷವೂ ಹೇಳಿಕೊಡುವವಳಿಗೆ ಅವು ಮೂರೂ ಒಂದೇ ಮಳೆಗಾಲದಲ್ಲಿ ಪ್ರತ್ಯಕ್ಷವಾದವು: ಚೈನು ಜಾರಿದರೆ ಲೋಪ, ಮಣ್ಣು ಬಂದು ಸೇರಿದರೆ ಆಗಮ. ಇನ್ನುಳಿದದ್ದು ಆದೇಶ, ಒಂದರ ಜಾಗದಲ್ಲಿ ಇನ್ನೊಂದು. ಅದನ್ನು ನಡೆಸಿಕೊಟ್ಟವನು ಪೇಟೆಯ ನಾಸಿರ್.

ನಾಸಿರನದು ಬೈಕ್ ಗ್ಯಾರೇಜು. ಸೈಕಲ್ ಶಾಪೆಂಬುದು ನಮ್ಮ ಪೇಟೆಯಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಅವನು ನನ್ನ ಸೈಕಲ್ಲನ್ನು, ದೊಡ್ಡ ಡಾಕ್ಟರು ನೆಗಡಿಯವನನ್ನು ನೋಡುವಂತೆ ನೋಡಿದ.

“ಟೀಚರೇ, ಇದಕ್ಕೆ ರಿಪೇರಿ ಎಲ್ಲ ಮಾಡ್ಲಿಕ್ಕಿಲ್ಲ. ಚೈನು ಎಳೆದು ಉದ್ದ ಆಗಿದೆ. ಹೊಸದು ಹಾಕುವ.”

ಹೊಸದು ಹಾಕಿದ. ಹೊಸ ಚೈನು ಬೀಳಲಿಲ್ಲ. ಅದಕ್ಕೆ ಬದಲಾಗಿ ಏರಿನಲ್ಲಿ ಕಟ್ ಕಟ್ಟೆಂದು ಹಿಂದಿನ ಹಲ್ಲುಗಳ ಮೇಲೆ ಹಾರತೊಡಗಿತು. ಒಂದೊಂದು ಹಾರಿಕೆಗೂ ನನ್ನ ಸೊಂಟಕ್ಕೊಂದು ಏಟು. ಮತ್ತೆ ನಾಸಿರನ ಬಳಿ ಹೋದೆ. “ಹೊಸ ಚೈನಲ್ವಾ ಟೀಚರೇ, ಸ್ವಲ್ಪ ಓಡಿದ್ರೆ ಸರಿ ಆಗ್ತದೆ” ಎಂದ. ಓಡಿಸಿದೆ, ಸರಿಯಾಗಲಿಲ್ಲ. ಮೇಲಾಗಿ ಮಳೆಗೆ ಎಣ್ಣೆ ತೊಳೆದುಹೋಗಿ ಹೊಸದೂ ಹಳೆಯದರ ರಾಗವನ್ನೇ ಕಲಿಯಿತು. ಈಗ ಕಿರ್ರ್ ಕುಂಯ್‌ಗೆ ಕಟ್ ಕಟ್ ಎಂಬ ತಾಳವೂ ಸೇರಿ, ಕಚೇರಿ ಪೂರ್ಣವಾಯಿತು.

ಊರಲ್ಲಿ ಯಾರನ್ನೇ ಕೇಳಿ, ಚೈನಿಗೆ ಒಂದು ಮದ್ದು ಗೊತ್ತಿರುತ್ತದೆ. ಕೊಬ್ಬರಿ ಎಣ್ಣೆ ಹಾಕಿ, ಗ್ರೀಸ್ ಮೆತ್ತಿ, ಮೇಣದ ಬತ್ತಿ ಉಜ್ಜಿ, ಏನೂ ಹಾಕಬೇಡಿ. ಇಷ್ಟೊಂದು ಜನರಿಗೆ ಗೊತ್ತಿರುವ ಒಂದು ಸಂಗತಿ ಇಷ್ಟೊಂದು ತಪ್ಪಾಗಿರಲು ಹೇಗೆ ಸಾಧ್ಯ ಎಂದು ನನಗೆ ರೋಸಿಹೋಯಿತು. ಒಂದು ಭಾನುವಾರ, ಮಳೆ ತೆರಪು ಕೊಟ್ಟಿದ್ದಾಗ, ಜಗಲಿಯಲ್ಲಿ ಗೋಣಿ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಮುಂದೆ ಮಣೆ ಹಾಕಿಕೊಂಡು ಕುಳಿತೆ. ಈವತ್ತು ಯಾರ ಮಾತನ್ನೂ ಕೇಳುವುದಿಲ್ಲ, ನೀನೇ ಹೇಳು ಎಂದೆ.

ಅದು ಹೇಳಿತು. ನೋಡುತ್ತ ಕುಳಿತವರಿಗೆ ಚೈನು ಎಲ್ಲವನ್ನೂ ಹೇಳುತ್ತದೆ. ದೂರದಿಂದ ಒಂದೇ ವಸ್ತುವಿನಂತೆ ಕಾಣುವ ಅದು ನಿಜಕ್ಕೂ ನೂರಾರು ಸಣ್ಣ ಭಾಗಗಳ ಕೂಡುಬಾಳು. ಒಂದೊಂದು ಕೊಂಡಿಯ ನಡುವೆ ಒಂದು ಮೊಳೆ, ಮೊಳೆಯ ಸುತ್ತ ತಿರುಗುವ ಪುಟ್ಟ ಉರುಳೆ. ಎಣ್ಣೆ ಬೇಕಾದದ್ದು ಆ ಮೊಳೆಗೂ ಉರುಳೆಗೂ ನಡುವಿನ ಕತ್ತಲಿಗೆ. ನಾವು ಸುರಿಯುವುದು ಮಾತ್ರ ಹೊರಮೈಗೆ. ಒಳಗೆ ಒಣಗಿ, ಹೊರಗೆ ಜಿಡ್ಡಾಗಿ, ಬಡಪಾಯಿ ಅಳದೆ ಇನ್ನೇನು ಮಾಡೀತು? ಆಮೇಲೆ ಹಿಂದಿನ ಚಕ್ರದ ಹಲ್ಲುಗಳನ್ನು ಬೆರಳಿನಿಂದ ಸವರಿದೆ. ಮುಂದಿನವು ದುಂಡಗೆ ಸಮವಾಗಿದ್ದವು. ಹಿಂದಿನವು ಒಂದು ಕಡೆಗೆ ಬಾಗಿ ಕೊಕ್ಕೆಯಂತಾಗಿದ್ದವು. ಸವೆದ ಹಳೆಯ ಚೈನು ಆ ಸವೆದ ಹಲ್ಲುಗಳೊಂದಿಗೆ ಹೇಗೋ ಹೊಂದಿಕೊಂಡು ಬಾಳುತ್ತಿತ್ತು. ಹೊಸ ಚೈನು ಬಂದಾಗ ಅಳತೆ ಕೂಡದೆ ಹಾರುತ್ತಿತ್ತು. ಚೈನು ಬದಲಿಸಿದರೆ ಸವೆದ ಹಲ್ಲನ್ನೂ ಬದಲಿಸಬೇಕು. ಹಿಂದಿನ ಚಕ್ರವನ್ನು ನೋಡಿದರೆ ಅದು ಕೂಡ ನೇರವಾಗಿರಲಿಲ್ಲ, ಎಡಕ್ಕೆ ಒಂದು ನೂಲು ವಾಲಿ ಕುಳಿತಿತ್ತು.

ಮರುದಿನ ನಾಸಿರನಿಗೆ, “ಹಿಂದಿನ ಹಲ್ಲುಚಕ್ರ, ಆ ಫ್ರೀವೀಲ್ ಬದಲಿಸು, ಬೇರೇನೂ ಮುಟ್ಟಬೇಡ” ಎಂದೆ. ಅವನು ನಕ್ಕ, ಆದರೂ ಬದಲಿಸಿಕೊಟ್ಟ. ಉಳಿದದ್ದನ್ನು ಮನೆಯಲ್ಲಿ ನಾನೇ ಮಾಡಿದೆ. ಡೀಸೆಲ್ಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನನ್ನು ಕೊಂಡಿಕೊಂಡಿಯಾಗಿ ತೊಳೆದು ಒಣಗಿಸಿದೆ. ತೀರ ತೆಳುವೂ ಅಲ್ಲದ, ಅಂಟೂ ಅಲ್ಲದ ಹೊಸ ಎಣ್ಣೆಯನ್ನು ಒಂದೊಂದು ಉರುಳೆಗೂ ಒಂದೊಂದು ಹನಿಯಂತೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಳಗಿಳಿಯಲು ಬಿಟ್ಟೆ. ಬಳಿಕ, ಯಾರೂ ಮಾಡದ ಕೆಲಸ, ಒಣ ಬಟ್ಟೆಯಿಂದ ಹೊರಮೈಯ ಎಣ್ಣೆಯನ್ನೆಲ್ಲ ಒರಸಿ ತೆಗೆದೆ. ಹಿಂದಿನ ಚಕ್ರವನ್ನು ನೇರವಾಗಿ ಹಿಂದಕ್ಕೆಳೆದು ಎರಡೂ ಕಡೆಯ ನಟ್ಟುಗಳನ್ನು ಸಮವಾಗಿ ಬಿಗಿದೆ. ಬೆರಳಿಂದ ಒತ್ತಿದರೆ ಚೈನು ಒಂದಿಷ್ಟು ಕುಣಿಯಬೇಕು, ಜೋಲಬಾರದು, ವೀಣೆಯ ತಂತಿಯಂತೆ ಸೆಟೆಯಲೂಬಾರದು. ಆಮೇಲೆ ಪೆಡಲು ತಿರುಗಿಸಿದೆ.

ಏನೂ ಕೇಳಲಿಲ್ಲ.

ಆ ನಿಶ್ಶಬ್ದದಲ್ಲಿ ನನಗಾದ ಹೆಮ್ಮೆಯನ್ನು ನಿಮಗೆ ಹೇಗೆ ಹೇಳಲಿ! ‘ಚೈನಿ’ ಎಂದು ನಾವು ಮೋಜಿಗೆ ಹೇಳುತ್ತೇವಲ್ಲ, ಚೈನಿನಿಂದ ಅದು ನನಗೆ ಸಿಕ್ಕಿದ್ದು ಅದೊಂದು ಸಂಜೆ ಮಾತ್ರ. ಯಜಮಾನರನ್ನು ಕರೆದು ತೋರಿಸಿದೆ. ಅವರು ಕಿವಿಗೊಟ್ಟು, “ಈಗ ಮನುಷ್ಯರು ಹೋದ ಹಾಗೆ ಉಂಟು” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿಯೇ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಎಲೆಗಳಿಂದ ಹನಿ ತೊಟ್ಟಿಕ್ಕುವುದು, ರಸ್ತೆಯ ಬದಿಯ ತೋಡಿನಲ್ಲಿ ನೀರು ಧುಮುಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಇಳಿಜಾರಿನಲ್ಲಿ ತೇಲಿಬಂದೆ. ಲೈನಿನ ನಲ್ಲಿಯ ಬಳಿ ಆ ದಿನ ಯಾರೂ ಇರಲಿಲ್ಲ. ಕೊಡಗಳು ಮಾತ್ರ ಸಾಲಾಗಿ ಕುಳಿತಿದ್ದವು. ಮನೆಗಳ ಹಿಂದೆಲ್ಲೋ ಮಾತು ಕೇಳಿದಂತಾಯಿತು. ನಿಲ್ಲುವ ಮನಸ್ಸಾಗಲಿಲ್ಲ, ಹೊಸ ಹಲ್ಲು, ಹೊಸ ಚೈನು, ಏರನ್ನು ಪರೀಕ್ಷಿಸುವ ತವಕ. ಪೆಡಲಿನ ಮೇಲೆ ಎದ್ದುನಿಂತೆ. ಜಾರಲಿಲ್ಲ, ಹಾರಲಿಲ್ಲ, ಅಳಲಿಲ್ಲ. ಈ ಮಳೆಗಾಲದಲ್ಲಿ ಮೊದಲ ಬಾರಿಗೆ ಇಳಿಯದೆ, ನೂಕದೆ ಅರ್ಧ ಏರನ್ನು ಮುಗಿಸಿ ಹಲಸಿನ ಮರದ ತಿರುವನ್ನು ತಿರುಗಿದೆ.

ರಸ್ತೆಯ ಮೇಲೆ ಆನೆ ನಿಂತಿತ್ತು.

ಹೆಣ್ಣಾನೆ. ನನಗೆ ಬೆನ್ನು ಮಾಡಿ, ಬಿದ್ದ ಹಲಸಿನ ಹಣ್ಣನ್ನು ಕಾಲಲ್ಲಿ ಒತ್ತಿ ಸೀಳುತ್ತಿತ್ತು. ಅದರಾಚೆ, ಕಾಫಿ ಗಿಡಗಳ ಮೇಲೆ ಇಷ್ಟೇ ಎತ್ತರಕ್ಕೆ ಕಾಣುವ ಇನ್ನೊಂದು ಕಂದು ಬೆನ್ನು, ಅದು ಮರಿ. ನಮ್ಮ ಮನೆಯ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವಷ್ಟೇ ಅಂತರ ನಮ್ಮ ನಡುವೆ. ಬ್ರೇಕು ಹಿಡಿದು ಕಾಲೂರಿದೆ. ತೋಡಿನ ಮೊರೆತದಲ್ಲಿ ಅದಕ್ಕೆ ನಾನು ಬಂದದ್ದು ಕೇಳಿರಲಿಲ್ಲ. ಗಾಳಿ ಅತ್ತಣಿಂದ ಇತ್ತ ಬೀಸುತ್ತಿತ್ತು. ಹಲಸಿನ ಹಣ್ಣಿನ ಸಿಹಿವಾಸನೆಯೂ ಆನೆಯ ಬೆಚ್ಚನೆಯ ವಾಸನೆಯೂ ನನಗೆ ಬಡಿಯುತ್ತಿದ್ದವು, ನನ್ನ ವಾಸನೆ ಅದಕ್ಕೆ ತಲುಪಿರಲಿಲ್ಲ.

ಇಂಥ ಹೊತ್ತಿನಲ್ಲಿ ಸೈಕಲ್ ಬಿಟ್ಟು ಮೆಲ್ಲನೆ ಹಿಂದೆ ಸರಿಯಬೇಕೆಂಬುದು ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆದರೆ ಅಷ್ಟು ಕಷ್ಟಪಟ್ಟು ಸರಿಮಾಡಿದ ಸೈಕಲ್ಲನ್ನು ಬಿಡಲು ಕೈ ಬರಲಿಲ್ಲ, ನೋಡಿ. ಹ್ಯಾಂಡಲ್ ಹಿಡಿದು ಅದನ್ನೂ ಹಿಂದಕ್ಕೆ ನಡೆಸತೊಡಗಿದೆ. ಸೈಕಲ್ಲನ್ನು ಹಿಂದಕ್ಕೆ ತಳ್ಳಿದರೆ ಪೆಡಲೂ ಹಿಂದಕ್ಕೆ ತಿರುಗುತ್ತದೆಂಬುದು ಚೈನಿನ ಬಗ್ಗೆ ಪಂಡಿತಳಾಗಿದ್ದ ನನಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಪೆಡಲು ಬಂದು ಮೊಳಕಾಲಿನ ಕೆಳಗಿನ ಎಲುಬಿಗೆ ಹೊಡೆಯಿತು. ನಾನು ಒಂದು ಕಡೆಗೆ, ಸೈಕಲ್ಲು ಒಂದು ಕಡೆಗೆ. ಬಿದ್ದ ರಭಸಕ್ಕೆ ಬೆಲ್ಲು ಟ್ರಿಣ್ ಎಂದಿತು.

ಆನೆ ತಿರುಗಿತು. ಅಷ್ಟು ದೊಡ್ಡ ಮೈ ಅಷ್ಟು ಬೇಗ ತಿರುಗಬಲ್ಲದೆಂದು ನಾನು ಎಣಿಸಿರಲಿಲ್ಲ. ಕಿವಿಗಳು ಅಗಲವಾದವು. ಗಂಟಲಿನ ಆಳದಿಂದ ಒಂದು ಗುಡುಗು ಹೊರಟು, ಬಿದ್ದಿದ್ದ ನನ್ನ ಮೈಗೆ ನೆಲದ ಮೂಲಕ ತಲುಪಿತು. ನಾನು ಹೇಗೆ ಎದ್ದೆನೋ, ಹೇಗೆ ರಸ್ತೆಬದಿಯ ಸಿಲ್ವರ್ ಓಕ್ ಮರದ ಹಿಂದೆ ಸೇರಿದೆನೋ ತಿಳಿಯದು. ಮರ ನನ್ನ ಮೈಯನ್ನು ಪೂರ್ತಿ ಮರೆಮಾಡುವಷ್ಟು ದಪ್ಪವಿರಲಿಲ್ಲವೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಆನೆ ಮುಂದೆ ಬಂದಿತು. ಸೈಕಲ್ಲಿನ ಮೇಲೆ ಸೊಂಡಿಲಾಡಿಸಿತು. ಸೀಟು, ಕ್ಯಾರಿಯರಿನ ಚೀಲ, ಆಮೇಲೆ ಚೈನು. ಎಣ್ಣೆಯ ವಾಸನೆಗೋ ಏನೋ, ಸೊಂಡಿಲನ್ನು ಥಟ್ಟನೆ ಹಿಂದಕ್ಕೆಳೆದು ಬುಸ್ಸೆಂದು ಉಸಿರು ಬಿಟ್ಟಿತು. ಮುಂಗಾಲಿನಿಂದ ಹ್ಯಾಂಡಲನ್ನು ಒಮ್ಮೆ ಸರಿಸಿತು. ಅದರ ಕಣ್ಣು ನಾನಿದ್ದ ಕಡೆಗೆ ಬಂತು. ದೇವರ ಹೆಸರು ಹೇಳಿಕೊಳ್ಳೋಣವೆಂದರೆ ಒಂದು ಹೆಸರೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಮರಿ ಗಿಡಗಳ ನಡುವೆ ಕೆಳಕ್ಕೆ ನುಸುಳಿತು. ತಾಯಿ ಅದರ ಹಿಂದೆ ಹೋಯಿತು. ರೆಂಬೆ ಮುರಿಯುವ ಸದ್ದು ದೂರವಾಗುತ್ತ ಹೋಯಿತು.

ಕೆಳಗಿನಿಂದ ತಟ್ಟೆ ಬಡಿಯುವ ಸದ್ದು, ಕೂಗು. ಲೈನಿನವರು ಏರು ಹತ್ತಿ ಓಡಿಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಸೆಲ್ವಿ. ಬಂದವಳೇ ನನ್ನ ಎರಡೂ ತೋಳನ್ನು ಹಿಡಿದು, ತಲೆಯಿಂದ ಕಾಲಿನವರೆಗೆ ಮುಟ್ಟಿಮುಟ್ಟಿ ನೋಡಿ, ಆಮೇಲೆ ಬೈಯಲು ಶುರುಮಾಡಿದಳು.

“ಅಯ್ಯೋ ಮುರುಗಾ! ಯಾವಾಗ ದಾಟಿದ್ರಿ ಟೀಚರಮ್ಮ? ಆನೆ ಮೇಲೆ ಹೋಗಿದ್ದು ಬೆಳಕು ಹರಿಯೋ ಮುಂಚೆನೇ ನೋಡಿದ್ವಿ. ನಿಮ್ಮನ್ನ ನಿಲ್ಲಿಸ್ಬೇಕು ಅಂತ ಎಲ್ರೂ ಕಿವಿ ಕೊಟ್ಕೊಂಡೇ ಇದ್ವಿ. ಸೌಂಡೇ ಬರ್ಲಿಲ್ಲ!”

“ಸೌಂಡು...” ಎಂದೆ.

“ಹೂಂ, ನಿಮ್ಮ ಸೈಕಲ್ ಸೌಂಡು. ಅದು ಗೇಟಿಂದ ಇಳಿಯೋವಾಗ್ಲೇ ಕೇಳ್ತದಲ್ಲ. ಕೇಳಿದ ಮೇಲೆ ರಸ್ತೆಗೆ ಬಂದ್ರೆ ಆಯ್ತು ಅಂತ ಹಿಂದ್ಗಡೆ ಆನೆ ಎಲ್ಲಿಗೆ ಹೋಯ್ತು ನೋಡ್ತಾ ನಿಂತಿದ್ವಿ. ಇನ್ನೂ ಬಂದಿಲ್ಲ ಅನ್ಕೊಂಡ್ರೆ, ಮೇಲಿಂದ ಬೆಲ್ಲು ಕೇಳ್ತದೆ! ನನ್ನ ಜೀವ ಹೋಯ್ತು.”

ಅವಳ ಕಣ್ಣಲ್ಲಿ ನೀರಿತ್ತು. ನಾನು ನಾಚಿಕೆಪಟ್ಟು, ಸಿಡಿಮಿಡಿಗೊಂಡು, ಎರಡು ದಿನ ಸೈಕಲ್ಲಿನ ಮುಂದೆ ಕುಳಿತು ಕೊಂದುಹಾಕಿದ ಆ ಸದ್ದು, ನನಗೆ ತಿಳಿಯದಂತೆಯೇ ನನ್ನ ಕಾವಲಿಗಿತ್ತು. ಬಹುಶಃ ಆನೆಗಳಿಗೂ ಅದರ ಪರಿಚಯವಿದ್ದಿರಬೇಕು; ಆ ಅಪಸ್ವರ ಏರು ಹತ್ತುವುದನ್ನು ಕೇಳಿ ಅವು ಎಷ್ಟು ಸಲ ಪಕ್ಕಕ್ಕೆ ಸರಿದಿದ್ದವೋ ಯಾರು ಬಲ್ಲರು!

ಸುದ್ದಿ ಆಫೀಸಿಗೆ ಮುಟ್ಟಿ ಯಜಮಾನರು ಸ್ಕೂಟರಿನಲ್ಲಿ ಬಂದರು. ಸ್ಕೂಟರನ್ನು ಸ್ಟ್ಯಾಂಡ್ ಕೂಡ ಹಾಕದೆ ಮೋರಿಗೆ ಒರಗಿಸಿ, ನನ್ನನ್ನು ಒಮ್ಮೆ ನೋಡಿ, ನೆಟ್ಟಗೆ ಸೈಕಲ್ಲಿನ ಹತ್ತಿರ ಹೋಗಿ ಅದನ್ನೆತ್ತಿದರು. “ಹ್ಯಾಂಡಲ್ ಸೊಟ್ಟ ಆಗಿದೆ” ಎಂದರು. ಹೆಂಡತಿ ಆನೆಯ ಬಾಯಿಂದ ಉಳಿದು ಬಂದಾಗ ಗಂಡನಾದವನು ಮೊದಲು ಆಡಬೇಕಾದ ಮಾತು ಇದೇನು, ನೀವೇ ಹೇಳಿ.

ರಾತ್ರಿ ಊಟಕ್ಕೆ ಕುಳಿತಾಗ ಇನ್ನೊಂದು ಮಾತು ಬಂತು. “ಆ ಸದ್ದು ಇದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ. ಯಾಕೆ ಸರಿ ಮಾಡ್ಲಿಕ್ಕೆ ಹೋದದ್ದು?”

ನಾನು ಸೌಟನ್ನು ಪಾತ್ರೆಯೊಳಗೆ ಬಿಟ್ಟೆ. “ಮರ್ಯಾದೆ ಹೋಗ್ತದೆ ಅಂದವರು ಯಾರು? ಚಿಪ್ಪಲ್ಲಿ ಎಣ್ಣೆ ತಂದು ಸುರಿದವರು ಯಾರು?”

“ಸುರಿದದ್ದು ಹೌದು. ನನ್ನ ಎಣ್ಣೆಗೆ ಒಂದು ವಾರದಲ್ಲಿ ಸದ್ದು ವಾಪಸ್ ಬಂದಿತ್ತಲ್ಲ?”

ಈ ತರ್ಕಕ್ಕೆ ಯಾವ ವ್ಯಾಕರಣದಲ್ಲಿ ಉತ್ತರವಿದೆ? ಪೇಟೆಗೆ ಹೋದರೆ ನಾಸಿರ್ ಕೂಡ ಹಲ್ಲುಕಿರಿದು, ಚಕ್ರದ ಕಡ್ಡಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಡುತ್ತೇನೆ, ಪಟಪಟ ಅನ್ನುತ್ತದೆ ಎಂದ. ಶಾಲೆಯಲ್ಲಿ ಸಹೋದ್ಯೋಗಿಗಳು ಚೈನನ್ನು ಮತ್ತೆ ಒಣಗಲು ಬಿಡಿ ಎಂದರು. ಮೊನ್ನೆಯವರೆಗೆ ಆ ಸದ್ದಿಗೆ ಕಿವಿ ಮುಚ್ಚಿಕೊಂಡವರೆಲ್ಲ ಈಗ ಅದರ ಗುಣಗಾನಕ್ಕೆ ನಿಂತಿದ್ದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಅಳುವ ಚೈನು ಸವೆಯುವ ಚೈನು. ಸವೆದ ಚೈನು ಒಂದು ದಿನ ತುಂಡಾಗುತ್ತದೆ, ಅದೂ ಏರಿನಲ್ಲಿ, ಆ ತಿರುವಿನಲ್ಲೇ ಆಗಬಹುದು. ನನ್ನ ಸುರಕ್ಷತೆಗಾಗಿ ಒಂದು ಯಂತ್ರ ದಿನವೂ ನರಳುತ್ತಿರಬೇಕೆಂದರೆ ಅದೆಂಥ ಏರ್ಪಾಡು? ಯೋಚಿಸಿದಂತೆ ಇನ್ನೊಂದು ಹೊಳೆಯಿತು: ಲೈನಿನವರಿಗೆ ನಾನು ಬರುತ್ತಿದ್ದೇನೆಂದು ತಿಳಿಸುತ್ತಿದ್ದದ್ದು ಚೈನು, ನಾನಲ್ಲ. ಬಾಯಿ ಇದ್ದವಳು ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ, ಬಾಯಿಲ್ಲದ ಕಬ್ಬಿಣ ನನ್ನ ಪರವಾಗಿ ಮಾತಾಡುತ್ತಿತ್ತು.

ಹಾಗಾಗಿ ಈಗ ಲೈನಿನ ಬಳಿ ಸೈಕಲ್ಲಿನಿಂದ ಇಳಿಯುತ್ತೇನೆ. ಏರಿಗೆಂದು ಕೂಡಿಟ್ಟ ವೇಗವೆಲ್ಲ ಅಲ್ಲೇ ಖರ್ಚಾಗುತ್ತದೆ, ಆಗಲಿ. “ಸೆಲ್ವಕ್ಕ, ಈವತ್ತು ಎಲ್ಲಿದ್ದಾವೆ?” ಎಂದು ಕೇಳುತ್ತೇನೆ. ಅವಳು ಹೊಳೆ ಕಡೆ, ಇಲ್ಲವೇ ಮೇಲಿನ ತೋಟದಲ್ಲಿ ಎನ್ನುತ್ತಾಳೆ. ಹೊಳೆಯ ಕಡೆಗಿದ್ದರೆ ನಾನು ಹೋಗಬಹುದು. ಮೇಲಿದ್ದರೆ ಅವಳು ಕೊಡವನ್ನು ಹಾಗೇ ಬಿಟ್ಟು, ತಲೆಗೊಂದು ಟವೆಲ್ ಕಟ್ಟಿಕೊಂಡು, ಕತ್ತಿ ಹಿಡಿದು ನನ್ನ ಜೊತೆ ಹೊರಡುತ್ತಾಳೆ. ಬೇಡವೆಂದರೆ ಕೇಳುವವಳಲ್ಲ. ನಾನು ಸೈಕಲ್ ನೂಕುತ್ತ, ಅವಳು ಊರಿಗೆಲ್ಲ ಕೇಳುವಂತೆ ಮಾತಾಡುತ್ತ ಏರು ಹತ್ತುತ್ತೇವೆ. ಅವಳ ಗಂಟಲು ನನ್ನ ಹಳೆಯ ಚೈನಿಗಿಂತ ಏನೇನೂ ಕಡಿಮೆಯಿಲ್ಲ. ಅವಳ ಮಂಡಿನೋವು, ಅವಳ ತಂಗಿಯ ಮನೆ ಇರುವ ಪೊಳ್ಳಾಚಿ, ಮರಗಸಿಗೆ ಬಂದ ಹೊಸ ಗುಂಪಿನವರು ನೆರಳಿನ ಮರಗಳ ಕೊಂಬೆಯನ್ನು ಎಷ್ಟು ಅಡ್ಡಾದಿಡ್ಡಿ ಕಡಿಯುತ್ತಾರೆಂಬುದು, ಎಲ್ಲವೂ ಈಗ ನನಗೆ ಗೊತ್ತು. ತಿರುವು ದಾಟಿಸಿ, ಶಾಲೆಯ ಗೇಟು ಕಾಣುವವರೆಗೆ ಬಂದು ಅವಳು ಹಿಂದಿರುಗುತ್ತಾಳೆ.

ಆದರೆ ಇದರಿಂದ ನನಗೆ ಹೊಸದೊಂದು ಕಿರಿಕಿರಿ ಹುಟ್ಟಿಕೊಂಡಿತು. ಸೆಲ್ವಿ ಲೈನಿಗೆ ಹಿಂದಿರುಗಿ ನೀರು ತುಂಬಿಸಿ ಹೊರಡುವಷ್ಟರಲ್ಲಿ ಮಸ್ಟರ್ ಗಂಟೆ ಬಾರಿಸಿ ಆಗಿರುತ್ತದೆ. ಹಾಜರಿ ತೆಗೆದುಕೊಳ್ಳುವವರು ಯಾರು? ನಮ್ಮ ಯಜಮಾನರು. ತಡವಾಗಿ ಬಂದವರನ್ನು ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವ ವೈಖರಿ ಇಡೀ ಎಸ್ಟೇಟಿಗೆ ಪ್ರಸಿದ್ಧ. ಒಂದು ಸಂಜೆ ಕೇಳಿಯೇಬಿಟ್ಟೆ, “ಸೆಲ್ವಕ್ಕ ತಡವಾಗಿ ಬಂದರೆ ಏನಾದರೂ ಅನ್ನುತ್ತೀರಾ?” ಅವರು ಪೇಪರಿನಿಂದ ತಲೆಯೆತ್ತದೆ, “ಮಸ್ಟರ್ ವಿಷಯ ಮನೇಲಿ ಬೇಡ” ಎಂದರು. ಮುಗಿಯಿತು. ಆ ದಿನದ ನಂತರ ಆನೆಯ ವಿಷಯವನ್ನೂ ಅವರು ಮನೆಯಲ್ಲಿ ಎತ್ತಿದವರಲ್ಲ. ಹೇಗೆ ಹೋಗುತ್ತೀ, ಭಯವಾಗುತ್ತದೆಯೇ, ಒಂದು ಮಾತೂ ಇಲ್ಲ. ಕಲ್ಲಿನ ಕಂಬಕ್ಕಾದರೂ ಮಳೆ ಬಂದರೆ ಪಾಚಿ ಕಟ್ಟುತ್ತದೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಒಳಗೆ ಹೋದೆ.

ಇವತ್ತು ಬೆಳಿಗ್ಗೆ ಆನೆಗಳು ಮೇಲಿನ ತೋಟದಲ್ಲಿದ್ದವು. ಸೆಲ್ವಿ ಟವೆಲ್ ಕಟ್ಟುತ್ತಿದ್ದಂತೆ ನಾನು ಹ್ಯಾಂಡಲ್ ಬಿಗಿಹಿಡಿದು ನಿಂತೆ.

“ಬೇಡ ಸೆಲ್ವಕ್ಕ. ನನ್ನಿಂದ ನಿಮಗೆ ದಿನಾ ಲೇಟಾಗುತ್ತೆ. ನಮ್ಮ ಮನೆಯವರ ಬಾಯಿ ನನಗೆ ಗೊತ್ತು. ಅವರ ಕೈಲಿ ನೀವು ಅನ್ನಿಸಿಕೊಳ್ಳೋದು ನನಗೆ ಸರಿಬರಲ್ಲ.”

ಸೆಲ್ವಿ ನನ್ನನ್ನು ವಿಚಿತ್ರವಾಗಿ ನೋಡಿದಳು.

“ರೈಟರ್ ಏನೂ ಅನ್ನಲ್ಲ ಟೀಚರಮ್ಮ. ಬೇರೆಯವ್ರನ್ನ ತೋಟಕ್ಕೆ ಕಳಿಸಿಬಿಟ್ಟು, ನಾನು ಬರೋವರ್ಗೂ ಆಫೀಸು ಮೆಟ್ಲಲ್ಲೇ ನಿಂತಿರ್ತಾರೆ. ದೂರದಿಂದ್ಲೇ ಕೇಳ್ತಾರೆ, ‘ಬಿಟ್ಟು ಬಂದ್ರಾ?’ ಅಂತ. ಹೂಂ ಅಂದ ಮೇಲೇನೇ ಒಳಗೆ ಹೋಗೋದು.”

“ದಿನಾನಾ?”

“ದಿನಾ.” ಅವಳು ಕತ್ತಿಯನ್ನು ಹೆಗಲಿಗೇರಿಸಿ ಮುಂದೆ ನಡೆದಳು. “ಬೇಗ ಬನ್ನಿ. ಅಲ್ಲಿ ಅವ್ರು ನಿಂತಿರ್ತಾರೆ.”